ಮಣ್ಣಿನ ಲೋಹವು ಅನ್ನವನ್ನು ಸೇರುವ ಬಗೆ

ನಮ್ಮ ಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರು ಬೇರೆ ಏನನ್ನು ಮರೆತಿದ್ದರೂ ಗೃಹವಿಜ್ಞಾನದ ‘ಮೂರು ನೀರಿನ ಪಾಠ’ವನ್ನು ಮರೆತಿರಲಾರರೆಂದು ನಂಬುತ್ತೇವೆ. ಪೇಟೆಯಿಂದ ತಂದ ಸೊಪ್ಪನ್ನು ಮೊದಲನೆಯ ನೀರಿನಲ್ಲಿ ಮಣ್ಣು ಬಿಡುವಂತೆ ಜಾಲಿಸಬೇಕು. ಎರಡನೆಯ ನೀರಿಗೆ ಉಪ್ಪು ಹಾಕಿ ಅದರಲ್ಲಿ ಹತ್ತು ನಿಮಿಷ ನೆನೆಯಿಡಬೇಕು. ಮೂರನೆಯ ಶುದ್ಧ ನೀರಿನಲ್ಲಿ ತೊಳೆದು ಬಸಿಯಬೇಕು. ಇಷ್ಟಾದ ಮೇಲೆ “ಸೊಪ್ಪಿನಲ್ಲಿ ಕೆಡುಕೇನೂ ಉಳಿಯದು” ಎಂಬ ವಾಕ್ಯವನ್ನು ನಾವು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಬಾಲಿಕೆಯರು ಅದನ್ನು ನೋಟುಬುಕ್ಕಿನಲ್ಲಿ ಇಳಿಸಿಕೊಂಡು ಅಡಿಗೆರೆ ಎಳೆಯುತ್ತಿದ್ದರು. ಇಪ್ಪತ್ತು ವರ್ಷಗಳ ಕಾಲ ಹೀಗೆಯೇ ಕಲಿಸಿದೆವು. ಆ ಕೊನೆಯ ವಾಕ್ಯವು ತಪ್ಪು. ಶಾಲೆಯ ಏಳಿಗೆಯನ್ನು ವರ್ಣಿಸುವ ಲೇಖನಗಳು ಈ ಸಂಚಿಕೆಯಲ್ಲಿ ಸಾಕಷ್ಟಿರುವುದರಿಂದ, ನಮ್ಮ ಪಾಲಿಗೆ ಬಂದ ಪುಟಗಳನ್ನು ಈ ತಪ್ಪಿನ ತಿದ್ದುಪಡಿಗೆ ಉಪಯೋಗಿಸಿಕೊಳ್ಳುತ್ತೇವೆ.

ತಪ್ಪನ್ನು ನಮಗೆ ತೋರಿಸಿಕೊಟ್ಟವರು ಎಂಟನೆಯ ತರಗತಿಯ ಬಾಲಿಕೆಯೊಬ್ಬಳ ತಾಯಿ. ಊರ ಹೊರಗಿನ ದೊಡ್ಡ ಮೋರಿಯ ಮಗ್ಗುಲಲ್ಲಿ ಗುತ್ತಿಗೆಗೆ ಹಿಡಿದ ಹತ್ತು ಗುಂಟೆ ನೆಲದಲ್ಲಿ ದಂಟು, ಪಾಲಕ, ಕೊತ್ತಂಬರಿಗಳನ್ನು ಬೆಳೆದು ಮಾರುವುದೇ ಅವರ ಜೀವನ. ಪೋಷಕರ ಸಭೆ ಮುಗಿದು ಎಲ್ಲರೂ ಹೊರಟುಹೋದ ಮೇಲೆ ಅವರು ಬಾಗಿಲ ಬಳಿ ನಿಂತು, “ಟೀಚರಮ್ಮಾ, ಮಗಳು ಹೇಳಿಕೊಟ್ಟ ಹಾಗೆ ಮೂರು ನೀರಿನಲ್ಲಿ ತೊಳೆದೇ ಕಟ್ಟು ಕಟ್ಟುತ್ತೇವೆ. ಆದರೂ ಮೋರಿ ನೀರಿನ ಸೊಪ್ಪು ಅಂತ ಜನ ಮುಟ್ಟುವುದಿಲ್ಲ. ತೊಳೆದರೆ ಹೋಗುತ್ತದೋ ಇಲ್ಲವೋ, ನೀವೇ ಒಂದು ಮಾತು ಹೇಳಿಬಿಡಿ” ಎಂದರು. ಹೋಗುತ್ತದೆ ಎನ್ನುವುದಕ್ಕೆ ಬಾಯಿ ತೆರೆದೆವು. ಆದರೆ ಒಂದು ಸಂಸಾರದ ಅನ್ನವೂ, ಆ ಸೊಪ್ಪನ್ನು ತಿನ್ನುವ ಹಲವು ಸಂಸಾರಗಳ ಆರೋಗ್ಯವೂ ನಮ್ಮ ಒಂದು ಮಾತಿನ ಮೇಲೆ ನಿಂತಿರುವಾಗ, ಕರಿಹಲಗೆಯ ವಾಕ್ಯವು ನಾಲಗೆಯ ಮೇಲೆ ಬರಲಿಲ್ಲ. ಓದಿ ತಿಳಿದು ಹೇಳುತ್ತೇವೆಂದು ಅವರನ್ನು ಕಳುಹಿಸಿದೆವು. ಆ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸೊಪ್ಪಿನ ಮೇಲಿರುವ ಕೆಡುಕು ಬೇರೆ, ಸೊಪ್ಪಿನೊಳಗಿರುವ ಕೆಡುಕು ಬೇರೆ. ಮಣ್ಣು, ಹುಳುವಿನ ಮೊಟ್ಟೆ, ರೋಗಾಣುಗಳು, ಧೂಳು ಇವೆಲ್ಲವೂ ಎಲೆಗೆ ಹೊರಗಿನಿಂದ ಅಂಟಿಕೊಂಡವು. ಇವನ್ನು ಕಳೆಯುವುದಕ್ಕೆ ಮೂರು ನೀರಿನ ಪಾಠವು ಇಂದಿಗೂ ಒಳ್ಳೆಯದೇ. ಸೀಸವೆಂಬ ಲೋಹವೂ ಹೆಚ್ಚಾಗಿ ಈ ಗುಂಪಿಗೇ ಸೇರಿದ್ದು. ಅದು ಮಣ್ಣಿನ ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದು. ಬೇರಿನೊಳಕ್ಕೆ ಹೋದರೂ ಬಹುಪಾಲು ಅಲ್ಲಿಯೇ ನಿಂತುಬಿಡುವುದು. ಎಲೆಯಲ್ಲಿ ಕಾಣುವ ಸೀಸವು ಬಹುಮಟ್ಟಿಗೆ ಗಾಳಿಯ ಧೂಳಿನಿಂದಲೂ ಮಳೆಯ ಹನಿಗೆ ಸಿಡಿದ ಮಣ್ಣಿನಿಂದಲೂ ಬಂದದ್ದು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ೨೦೦೦ದಲ್ಲಿ ನಿಲ್ಲಿಸಿದರು; ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ ೯೦ ಪಾಲನ್ನು ಮೀರಿ ಸೀಸವಿರಕೂಡದೆಂಬ ನಿಯಮವು ೨೦೧೭ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೆ ಮುಂಚಿನ ಬಣ್ಣವು ಹಳೆಯ ಕಟ್ಟಡಗಳ ಮೇಲೆ ಇನ್ನೂ ಇದೆ, ಚಕ್ಕೆಯೆದ್ದು ಬುಡದ ಮಣ್ಣಿಗೆ ಉದುರುತ್ತಲೂ ಇದೆ. ನಮ್ಮ ವಿದ್ಯಾರ್ಥಿನಿಲಯದ ಹಿಂದಿನ ಗೋಡೆಯ ಬುಡದಲ್ಲಿದ್ದ ಪುದೀನದ ಮಡಿಯನ್ನು ಈಗ ಅಂಗಳದ ಮಧ್ಯಕ್ಕೆ ಸರಿಸಿದ್ದೇವೆ. ಆ ಪುದೀನದ ಚಟ್ನಿಯನ್ನು ನೆನೆಸಿಕೊಂಡು ಈಗಲೂ ಪತ್ರ ಬರೆಯುವ ಹಳೆಯ ವಿದ್ಯಾರ್ಥಿನಿಯರು ಇದನ್ನು ಓದಿ ಗಾಬರಿಯಾಗಬೇಕಾದ್ದಿಲ್ಲ. ಅದನ್ನು ತೊಳೆದೇ ಅರೆಯುತ್ತಿದ್ದೆವು.

ಎರಡನೆಯ ಗುಂಪಿನ ಮುಖ್ಯ ಲೋಹವು ಕ್ಯಾಡ್ಮಿಯಂ. ೧೮೧೭ರಲ್ಲಿ ಜರ್ಮನಿಯ ಗಟಿಂಗೆನ್ ಪಟ್ಟಣದ ಸ್ಟ್ರೋಮೆಯರ್ ಎಂಬ ರಸಾಯನಶಾಸ್ತ್ರಜ್ಞರು ಸತುವಿನ ಒಂದು ಔಷಧವನ್ನು ಪರೀಕ್ಷಿಸುತ್ತಿರುವಾಗ ಇದನ್ನು ಕಂಡುಹಿಡಿದರು. ಸತು ಇರುವಲ್ಲಿ ಇದೂ ಸ್ವಲ್ಪ ಇರುವುದು. ಗುಣದಲ್ಲಿಯೂ ಇವೆರಡೂ ದಾಯಾದಿಗಳು. ಆದರೆ ಸತು ನಮ್ಮ ದೇಹಕ್ಕೆ ಬೇಕಾದದ್ದು, ಕ್ಯಾಡ್ಮಿಯಮಿನಿಂದ ನಮಗೆ ಯಾವ ಉಪಯೋಗವೂ ಇಲ್ಲ. ಲೋಹಗಳಿಗೆ ಮುಲಾಮು ಹಾಕುವ ಕಾರ್ಖಾನೆಗಳಲ್ಲಿಯೂ ಬ್ಯಾಟರಿಗಳಲ್ಲಿಯೂ ಬಣ್ಣಗಳಲ್ಲಿಯೂ ಇದನ್ನು ಬಳಸುತ್ತ ಬಂದಿದ್ದಾರೆ. ರಂಜಕದ ಗೊಬ್ಬರವನ್ನು ತಯಾರಿಸುವ ಕಲ್ಲಿನಲ್ಲಿಯೂ ಇದು ಅಲ್ಪಸ್ವಲ್ಪ ಇರುವುದರಿಂದ ವರ್ಷ ವರ್ಷವೂ ಹೊಲಕ್ಕೆ ತುಸು ತುಸುವಾಗಿ ಸೇರುವುದು.

ಇದು ಗಿಡದೊಳಗೆ ಹೋಗುವುದು ಹೇಗೆ? ಬೇರು ನೀರನ್ನು ಬತ್ತಿಯಂತೆ ಸುಮ್ಮನೆ ಹೀರುವುದೆಂದು ನಾವು ಚಿಕ್ಕ ತರಗತಿಗಳಲ್ಲಿ ಕಲಿಸುವುದುಂಟು. ನಿಜಸ್ಥಿತಿ ಅಷ್ಟು ಸುಲಭವಲ್ಲ. ಬೇರಿನ ಒಂದೊಂದು ಕೋಶಕ್ಕೂ ಸಣ್ಣ ಬಾಗಿಲುಗಳಿವೆ. ಕಬ್ಬಿಣಕ್ಕೆ ಒಂದು, ಸತುವಿಗೆ ಒಂದು, ಮ್ಯಾಂಗನೀಸಿಗೆ ಒಂದು, ಹೀಗೆ. ಗಿಡಕ್ಕೆ ಬೇಕಾದ ಖನಿಜವು ಬಂದಾಗ ಬಾಗಿಲು ಅದನ್ನು ಗುರುತಿಸಿ ಒಳಕ್ಕೆ ಬಿಡುವುದು. ಕ್ಯಾಡ್ಮಿಯಮಿಗಾಗಿ ಯಾವ ಬಾಗಿಲೂ ಇಲ್ಲ. ಆದರೆ ಅದರ ಆಕಾರವೂ ವಿದ್ಯುತ್ತಿನ ಗುಣವೂ ಆ ಖನಿಜಗಳನ್ನು ಹೋಲುವುದರಿಂದ ಅದು ಅವರ ವೇಷದಲ್ಲಿ ನುಗ್ಗುವುದು. ಬತ್ತದ ಪೈರಿನಲ್ಲಿ ಅದು ಮುಖ್ಯವಾಗಿ ಪ್ರವೇಶಿಸುವುದು ಮ್ಯಾಂಗನೀಸಿನ ಬಾಗಿಲಿನಿಂದ ಎಂಬುದನ್ನು ಜಪಾನಿನ ಒಕಾಯಾಮಾ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೧೨ರಲ್ಲಿ ಪ್ರಕಟಿಸಿದರು. ಒಳಗೆ ಬಂದ ಮೇಲೆ ಬೇರು ಅದನ್ನು ತನ್ನಲ್ಲಿಯೇ ಒಂದು ಉಗ್ರಾಣದಲ್ಲಿ ಕೂಡಿಹಾಕಲು ಪ್ರಯತ್ನಿಸುವುದು. ಕೆಲವು ಬತ್ತದ ತಳಿಗಳಲ್ಲಿ ಈ ಉಗ್ರಾಣದ ವ್ಯವಸ್ಥೆ ಕೆಟ್ಟಿರುವುದರಿಂದ ಅವುಗಳ ಅಕ್ಕಿಯಲ್ಲಿ ಕ್ಯಾಡ್ಮಿಯಂ ಹೆಚ್ಚು. ತಪ್ಪಿಸಿಕೊಂಡದ್ದು ನೀರಿನೊಡನೆ ಮೇಲೇರಿ, ಗೆಣ್ಣುಗಳಲ್ಲಿ ನಾಳ ಬದಲಾಯಿಸಿಕೊಂಡು, ತೆನೆಗೆ ಹೋಗುವ ರಸದಲ್ಲಿ ಸೇರಿ ಕಾಳಿನೊಳಗೆ ಕುಳಿತುಕೊಳ್ಳುವುದು. ಅಲ್ಲಿ ಕುಳಿತದ್ದನ್ನು ಯಾವ ನೀರು ತಾನೇ ತೊಳೆದೀತು?

ಎಲ್ಲಾ ಬೆಳೆಗಳೂ ಸಮವಾಗಿ ತೆಗೆದುಕೊಳ್ಳುವುದಿಲ್ಲ. ಪಾಲಕ, ದಂಟು ಮೊದಲಾದ ಸೊಪ್ಪುಗಳು ಬಹಳ; ಮೂಲಂಗಿ, ಗಜ್ಜರಿಗಳು ಮಧ್ಯಮ; ಅವರೆ, ಹುರುಳಿಕಾಯಿ, ಸೋರೆ, ಹೀರೆ, ಟೊಮೇಟೊಗಳ ಕಾಯಿಯಲ್ಲಿ ಕಡಮೆ. ಎಲ್ಲಕ್ಕಿಂತಲೂ ಹಸಿವಿನಿಂದ ಅದನ್ನು ಎಳೆದುಕೊಳ್ಳುವ ಗಿಡಗಳಲ್ಲಿ ಹೊಗೆಸೊಪ್ಪೂ ಒಂದು. ಸಿಗರೇಟು ಸೇದುವವರ ದೇಹದಲ್ಲಿ ಸೇದದವರಿಗಿಂತ ಎರಡರಷ್ಟು ಕ್ಯಾಡ್ಮಿಯಂ ಇರುವುದು ಸಾಮಾನ್ಯವೆಂಬುದನ್ನು ನಮ್ಮ ಬಾಲಿಕೆಯರ ತಂದೆಯವರ ಗಮನಕ್ಕೆ ತರುತ್ತೇವೆ. ಅಕ್ಕಿಯಲ್ಲಿ ಇದರ ಪ್ರಮಾಣವು ಸೊಪ್ಪಿನಷ್ಟಿಲ್ಲದಿದ್ದರೂ, ದಿನಕ್ಕೆ ಎರಡು ಹೊತ್ತು ಅನ್ನವನ್ನುಣ್ಣುವ ನಮ್ಮಂಥವರಿಗೆ ಲೆಕ್ಕವು ಅಲ್ಲಿಯೇ ಬೆಳೆಯುವುದು.

ಅದು ಬೆಳೆದರೆ ಏನಾಗುವುದೆಂಬುದನ್ನು ಜಗತ್ತಿಗೆ ತಿಳಿಸಿದವರು ಜಪಾನು ದೇಶದ ತೊಯಾಮಾ ಪ್ರಾಂತದ ಒಕ್ಕಲಗಿತ್ತಿಯರು. ಅವರ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇವೆ.

ಆ ಪ್ರಾಂತದಲ್ಲಿ ಜಿಂಜೂ ಎಂಬ ನದಿ ದಕ್ಷಿಣದ ಬೆಟ್ಟಗಳಿಂದ ಉತ್ತರದ ಕಡಲಿಗೆ ಹರಿಯುವುದು. ಬೆಟ್ಟಗಳಲ್ಲಿ ಕಾಮಿಯೋಕಾ ಎಂಬ ಗಣಿ; ಕೆಳಗಿನ ಬಯಲಿನಲ್ಲಿ ನದಿಯ ಕಾಲುವೆಗಳಿಂದ ನೀರುಣ್ಣುವ ಬತ್ತದ ಗದ್ದೆಗಳು. ಮೊದಲು ಬೆಳ್ಳಿಗೆ ಹೆಸರಾಗಿದ್ದ ಆ ಗಣಿಯನ್ನು ಮಿತ್ಸುಯಿ ಸಂಸ್ಥೆಯವರು ೧೯ನೆಯ ಶತಮಾನದ ಕೊನೆಯ ಹೊತ್ತಿಗೆ ತಮ್ಮದಾಗಿ ಮಾಡಿಕೊಂಡರು. ಇಪ್ಪತ್ತನೆಯ ಶತಮಾನದ ಆರಂಭದಿಂದ ಸತುವಿನ ಅದಿರನ್ನೂ ತೆಗೆಯತೊಡಗಿದರು. ಯುದ್ಧಗಳು ಬಂದಂತೆಲ್ಲ ಸತುವಿಗೆ ಬೇಡಿಕೆ ಏರಿತು. ಅದಿರನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಬೇಕಾದದ್ದನ್ನು ಬೇರ್ಪಡಿಸಿ, ಬೇಡವಾದ ಕೆಸರನ್ನು ಉಪನದಿಗೆ ಬಿಟ್ಟರು. ಆ ಕೆಸರಿನಲ್ಲಿದ್ದ ಕ್ಯಾಡ್ಮಿಯಂ ಹೊಳೆಯಲ್ಲಿ ಇಳಿದು, ಕಾಲುವೆಗೆ ತಿರುಗಿ, ಗದ್ದೆಯ ತೂಬಿನ ಬಳಿ ತಂಗಿತು. ಊರಿನವರು ಅದೇ ನೀರನ್ನು ಕುಡಿದರು. ಆ ಗದ್ದೆಯ ಅಕ್ಕಿಯನ್ನು ಉಂಡರು.

ಕ್ರಮೇಣ ಆ ಹಳ್ಳಿಗಳ ಹೆಂಗಸರಲ್ಲಿ ಒಂದು ಜಾಡ್ಯವು ಕಾಣಿಸಿಕೊಂಡಿತು. ಮೊದಲು ಸೊಂಟ, ತೊಡೆಗಳಲ್ಲಿ ನೋವು, ಬಳಿಕ ಬಾತುಕೋಳಿಯಂತೆ ಅತ್ತಿತ್ತ ವಾಲುವ ನಡಿಗೆ, ಕಡೆಗೆ ಹಾಸಿಗೆ. ಎಲುಬು ಎಷ್ಟು ಮೆತ್ತಗಾಗುತ್ತಿತ್ತೆಂದರೆ ಕೆಮ್ಮಿದರೆ ಪಕ್ಕೆಲುಬು ಮುರಿಯುವುದು, ವೈದ್ಯರು ಕೈಹಿಡಿದು ನಾಡಿ ನೋಡಿದರೆ ಮಣಿಕಟ್ಟು ಮುರಿಯುವುದು. ಒಬ್ಬಾಕೆಯ ಶರೀರದಲ್ಲಿ ೭೨ ಕಡೆ ಎಲುಬು ಮುರಿದಿದ್ದುದು ದಾಖಲೆಯಾಗಿದೆ. ನೋವಿನಿಂದ ಅವರು “ಇತಾಯಿ, ಇತಾಯಿ” ಎಂದು ಕೂಗುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ “ಅಯ್ಯೋ ನೋವು, ಅಯ್ಯೋ ನೋವು.” ರೋಗಕ್ಕೆ ಅದೇ ಹೆಸರಾಯಿತು. ೧೯೫೫ರಲ್ಲಿ ಅಲ್ಲಿನ ವರ್ತಮಾನ ಪತ್ರಿಕೆಯೊಂದು ಆ ಹೆಸರಿನಿಂದಲೇ ಅದನ್ನು ಹೊರಗಿನವರಿಗೆ ತಿಳಿಸಿತು.

ಅದಕ್ಕೆ ಮುಂಚೆ ಅದನ್ನು ಪೂರ್ವಕರ್ಮದ ಫಲವೆಂದು ಜನರು ಭಾವಿಸಿದ್ದರು. ರೋಗಿಯಿದ್ದ ಮನೆಯವರು ಆಕೆಯನ್ನು ಒಳಕೋಣೆಯಲ್ಲಿ ಮರೆಮಾಡುತ್ತಿದ್ದರು; ಏಕೆಂದರೆ ಸುದ್ದಿ ಹಬ್ಬಿದರೆ ಆ ಊರಿಗೆ ಹೆಣ್ಣು ಕೊಡುವವರಿಲ್ಲ, ಆ ಊರಿನ ಅಕ್ಕಿಯನ್ನು ಕೊಳ್ಳುವವರಿಲ್ಲ. ಈ ಭಾಗವನ್ನು ಓದುವಾಗ ನಮಗೆ ಬಾಗಿಲ ಬಳಿ ನಿಂತಿದ್ದ ಆ ತಾಯಿಯ ಮುಖವೇ ಕಣ್ಣಿಗೆ ಕಟ್ಟಿತು.

ಹಗಿನೋ ನೊಬೊರು ಎಂಬವರು ಆ ಸೀಮೆಯ ವೈದ್ಯರು. ೧೯೪೬ರಲ್ಲಿ ಯುದ್ಧದಿಂದ ಹಿಂದಿರುಗಿ ತಮ್ಮ ಮನೆತನದ ಆಸ್ಪತ್ರೆಯಲ್ಲಿ ಕುಳಿತಾಗ ಇಂತಹ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಬರುವುದನ್ನು ಕಂಡರು. ಮೊದಲು ಅವರೂ ಇತರರಂತೆ ಇದು ದುಡಿತ ಹೆಚ್ಚಾಗಿ ಆಹಾರ ಸಾಲದೆ ಬಂದದ್ದೆಂದು ಎಣಿಸಿದರು. ಬಳಿಕ ಒಂದು ನಕಾಶೆಯನ್ನು ತೆಗೆದುಕೊಂಡು ಒಬ್ಬೊಬ್ಬ ರೋಗಿಯ ಮನೆಗೂ ಒಂದೊಂದು ಚುಕ್ಕೆಯಿಟ್ಟರು. ಚುಕ್ಕೆಗಳೆಲ್ಲವೂ ಜಿಂಜೂ ನದಿಯ ನೀರು ಹಾಯುವ ಗದ್ದೆಗಳ ನಡುವೆ ಬಿದ್ದವು. ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಬೇರೆ ಹೊಳೆಗಳ ನೀರಿನಿಂದ ಬೆಳೆಯುವ ಊರುಗಳಲ್ಲಿ ಚುಕ್ಕೆಯಿಲ್ಲ. ಬಡತನವೇ ಕಾರಣವಾಗಿದ್ದರೆ ಅದು ಹೊಳೆಯ ದಡವನ್ನು ನೋಡಿಕೊಂಡು ಬರುತ್ತಿತ್ತೇ? ಭೂಗೋಳದ ತರಗತಿಯಲ್ಲಿ ನಕಾಶೆ ಬರೆಯುವುದು ದಂಡದ ಕೆಲಸವೆಂದು ಗೊಣಗಿದ ನಮ್ಮ ವಿದ್ಯಾರ್ಥಿನಿಯರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಒಕಾಯಾಮಾ ವಿಶ್ವವಿದ್ಯಾನಿಲಯದ ಕೊಬಯಾಶಿ ಜುನ್ ಅವರು ನೀರನ್ನೂ ಅಕ್ಕಿಯನ್ನೂ ರೋಗಿಗಳ ಎಲುಬನ್ನೂ ಪರೀಕ್ಷಿಸಿ ಕ್ಯಾಡ್ಮಿಯಮನ್ನು ಕಂಡರು. ೧೯೬೧ರಲ್ಲಿ ಹಗಿನೋ ಅವರು ಯೊಶಿಯೋಕಾ ಕಿನ್‌ಇಚಿ ಎಂಬ ವಿದ್ವಾಂಸರೊಡನೆ ಸೇರಿ ಇದನ್ನು ಬಹಿರಂಗವಾಗಿ ಹೇಳಿದರು. ಹಳ್ಳಿಯ ವೈದ್ಯನಿಗೇನು ತಿಳಿದೀತೆಂದು ಹೀಯಾಳಿಸಿದವರುಂಟು.

೧೯೬೮ರ ಮಾರ್ಚಿಯಲ್ಲಿ ರೋಗಿಗಳೂ ಮೃತರ ಮನೆಯವರೂ ಕೂಡಿ ಗಣಿಯ ಸಂಸ್ಥೆಯ ಮೇಲೆ ದಾವೆ ಹೂಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಜಪಾನು ಸರಕಾರವು ಗಣಿಯ ಕ್ಯಾಡ್ಮಿಯಮೇ ಕಾರಣವೆಂದು ಒಪ್ಪಿ, ದೇಶದಲ್ಲಿ ಮೊತ್ತಮೊದಲ ಮಾಲಿನ್ಯಜನ್ಯ ರೋಗವೆಂದು ಇದನ್ನು ಸಾರಿತು. ೧೯೭೧ರ ಜೂನಿನಲ್ಲಿ ತೊಯಾಮಾದ ನ್ಯಾಯಸ್ಥಾನವೂ, ೧೯೭೨ರ ಆಗಸ್ಟಿನಲ್ಲಿ ಮೇಲಿನ ನ್ಯಾಯಸ್ಥಾನವೂ ರೋಗಿಗಳ ಪರವಾಗಿ ತೀರ್ಪು ಕೊಟ್ಟವು. ಆಮೇಲೆ ಊರಿನವರು ಸಂಸ್ಥೆಯಿಂದ ಬರೆಸಿಕೊಂಡ ಕರಾರುಗಳಲ್ಲಿ ಹಣಕ್ಕಿಂತಲೂ ನಮಗೆ ಮೆಚ್ಚಿಕೆಯಾದದ್ದು ಒಂದಿದೆ: ತಮಗೆ ಬೇಕಾದಾಗ ತಜ್ಞರನ್ನು ಕರೆದುಕೊಂಡು ಗಣಿಯೊಳಗೆ ಹೋಗಿ ನೋಡುವ ಹಕ್ಕು. ವರ್ಷ ವರ್ಷವೂ ಹೋಗಿ ನೋಡುತ್ತ ಬಂದರು. ನದಿಯ ಕ್ಯಾಡ್ಮಿಯಂ ಇಳಿದದ್ದು ಹೀಗೆ. (ಆ ಗಣಿಯ ಕೆಲಸವು ೨೦೦೧ರಲ್ಲಿ ನಿಂತಿತು. ಅದೇ ಬೆಟ್ಟದ ಹೊಟ್ಟೆಯಲ್ಲಿ ಕಟ್ಟಿದ ನೀರಿನ ತೊಟ್ಟಿಗಳಲ್ಲಿ ಆಕಾಶದಿಂದ ಬರುವ ನ್ಯೂಟ್ರಿನೋ ಕಣಗಳನ್ನು ಹಿಡಿದು ಇಬ್ಬರು ಜಪಾನೀಯರು ೨೦೦೨ರಲ್ಲಿಯೂ ೨೦೧೫ರಲ್ಲಿಯೂ ನೊಬೆಲ್ ಪಾರಿತೋಷಕವನ್ನು ಪಡೆದರೆಂಬುದನ್ನು ವಿಜ್ಞಾನದ ತರಗತಿಯವರಿಗಾಗಿ ಇಲ್ಲಿ ಸೇರಿಸಿದ್ದೇವೆ.)

ಸರಕಾರವು ರೋಗಿಗಳೆಂದು ಒಪ್ಪಿದವರು ಸುಮಾರು ೨೦೦ ಮಂದಿ. ಅವರಲ್ಲಿ ಹೆಚ್ಚುಕಡಮೆ ಎಲ್ಲರೂ ಹೆಂಗಸರು, ಅದರಲ್ಲಿಯೂ ಹಲವು ಮಕ್ಕಳನ್ನು ಹೆತ್ತು ಮುಟ್ಟು ನಿಂತ ವಯಸ್ಸಿನವರು. ಗಂಡಸರೂ ಅದೇ ಅಕ್ಕಿಯನ್ನು ಉಂಡಿರಲಾಗಿ ಹೀಗೇಕೆ?

ನಮ್ಮ ಕರುಳಿನಲ್ಲಿಯೂ ಬೇರಿನಲ್ಲಿರುವಂತಹ ಬಾಗಿಲುಗಳಿವೆ. ಅಲ್ಲಿಯೂ ಕ್ಯಾಡ್ಮಿಯಂ ಕಬ್ಬಿಣದ ಬಾಗಿಲಿನಿಂದ ನುಸುಳುವುದು. ದೇಹದಲ್ಲಿ ಕಬ್ಬಿಣವು ಸಾಕಷ್ಟಿದ್ದರೆ ಕರುಳು ಆ ಬಾಗಿಲುಗಳನ್ನು ಕಡಮೆ ಮಾಡುವುದು. ರಕ್ತಹೀನತೆಯಿದ್ದರೆ ಎಲ್ಲಿಯಾದರೂ ಒಂದು ಕಣ ಕಬ್ಬಿಣ ಸಿಕ್ಕೀತೆಂದು ಬಾಗಿಲುಗಳನ್ನು ಹೆಚ್ಚಿಸುವುದು. ಊಟದಲ್ಲಿ ಬಂದ ಕ್ಯಾಡ್ಮಿಯಮಿನಲ್ಲಿ ನೂರಕ್ಕೆ ಕೆಲವೇ ಪಾಲು ಒಳಸೇರುವುದು ವಾಡಿಕೆ. ಕಬ್ಬಿಣದ ಕೊರತೆಯಿರುವ ಹೆಂಗಸರಲ್ಲಿ ಅದು ಎರಡು ಪಟ್ಟಿಗೂ ಹೆಚ್ಚಬಹುದು. ಒಳಸೇರಿದ್ದು ಮೂತ್ರಪಿಂಡದಲ್ಲಿ ನೆಲಸುವುದು. ಅಲ್ಲಿಂದ ಅದರ ಅರ್ಧಪಾಲು ಹೊರಬೀಳಬೇಕಾದರೆ ಹತ್ತರಿಂದ ಮೂವತ್ತು ವರ್ಷ ಬೇಕು. ಮೂತ್ರಪಿಂಡವು ಹಾಳಾದ ಮೇಲೆ ಎಲುಬಿಗೆ ಬೇಕಾದ ರಂಜಕವೂ ಸುಣ್ಣದ ಅಂಶವೂ ಮೂತ್ರದಲ್ಲಿ ಸೋರಿಹೋಗುವುವು. ಬಸುರು ಬಾಣಂತಿತನಗಳಲ್ಲಿ ಮೊದಲೇ ಎಲುಬಿನಿಂದ ಸಾಲ ಕೊಟ್ಟ ದೇಹಕ್ಕೆ ಈ ಸೋರಿಕೆಯನ್ನು ತುಂಬುವ ಶಕ್ತಿಯಿರಲಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. ೨೦೧೯ರಿಂದ ೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನರೆಂದು ಕಂಡುಬಂತು. ಕರ್ನಾಟಕದಲ್ಲಿ ಸುಮಾರು ೪೮ ಮಂದಿ. ತೊಯಾಮಾದಂತಹ ಹೊಲಗಳು ನಮ್ಮಲ್ಲಿವೆಯೆಂದು ನಾವು ಹೇಳುವುದಿಲ್ಲ, ಅಂತಹ ಭಯವನ್ನು ಹುಟ್ಟಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಒಂದೇ ತಟ್ಟೆಯ ಅನ್ನವು ಒಂದೇ ಮನೆಯಲ್ಲಿ ಎಲ್ಲರಿಗೂ ಒಂದೇ ಅಲ್ಲ. ಕಡೆಗೆ ಉಣ್ಣುವ ಸೊಸೆಗೆ ಕಾಳು, ಮೊಟ್ಟೆ, ಮಾಂಸ ಉಳಿಯದೆ ಅನ್ನ ಸಾರು ಮಾತ್ರ ಉಳಿದರೆ, ಆಕೆಯ ಪಾಲಿಗೆ ಅದೇ ಅಕ್ಕಿಯಿಂದ ಹೆಚ್ಚು ಲೋಹವು ಬರುವುದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವ ಬಾಲಿಕೆಯರ ತಾಯಂದಿರು ಇದನ್ನು ಎರಡು ಸಲ ಓದಬೇಕು.

ಕೆಟ್ಟ ಮಣ್ಣನ್ನು ಸರಿಮಾಡಬಹುದೇ ಎಂದರೆ ಮಾಡಬಹುದು, ಆದರೆ ವೆಚ್ಚವು ಭಯಂಕರ. ತೊಯಾಮಾದಲ್ಲಿ ಗದ್ದೆಯ ಮೇಲ್ಮಣ್ಣನ್ನು ಕೆಳಗೆ ಹೂಳಿ, ಗಟ್ಟಿಯಾಗಿ ತುಳಿದು, ಬೆಟ್ಟದಿಂದ ತಂದ ಒಳ್ಳೆಯ ಮಣ್ಣನ್ನು ಹಾಸಿದರು. ೧೯೭೯ರಲ್ಲಿ ಹಿಡಿದ ಕೆಲಸವು ಮುಗಿದದ್ದು ೨೦೧೨ರಲ್ಲಿ. ಸುಮಾರು ೮೬೦ ಹೆಕ್ಟೇರಿಗೆ ತಗಲಿದ ಹಣವು ನಾಲ್ಕು ಸಾವಿರ ಕೋಟಿ ಯೆನ್ನಿಗೂ ಮಿಗಿಲು. ಮೂವತ್ತಮೂರು ವರ್ಷಗಳೆಂದರೆ ಒಬ್ಬ ರೈತನ ಇಡೀ ದುಡಿಮೆಯ ಆಯುಸ್ಸು.

ಮಣ್ಣನ್ನು ಬದಲಾಯಿಸಲಾರದವರಿಗೆ ಅಗ್ಗದ ಉಪಾಯಗಳೂ ಉಂಟು. ಗದ್ದೆಯಲ್ಲಿ ನೀರು ನಿಂತಿರುವಾಗ ಮಣ್ಣಿಗೆ ಗಾಳಿ ತಾಗದೆ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದ ಹರಳಾಗಿ ಕುಳಿತಿರುವುದು. ನೀರನ್ನು ತೆಗೆದ ಕೂಡಲೇ ಗಾಳಿಯ ಸ್ಪರ್ಶದಿಂದ ಕರಗಿ ಬೇರಿಗೆ ಸಿಕ್ಕುವುದು. ಆದಕಾರಣ ಜಪಾನಿನಲ್ಲಿ ಹೊಡೆ ಒಡೆಯುವುದಕ್ಕೆ ಮೂರು ವಾರ ಮುಂಚಿನಿಂದ ಮೂರು ವಾರ ಆಮೇಲಿನ ತನಕ ಗದ್ದೆಯನ್ನು ಒಣಗಗೊಡುವುದಿಲ್ಲ. ಹುಳಿಮಣ್ಣಿನಲ್ಲಿ ಈ ಲೋಹವು ಸುಲಭವಾಗಿ ಸಡಿಲುವುದರಿಂದ ಸುಣ್ಣ ಹಾಕುವುದೂ ಒಳ್ಳೆಯದು. ನಮ್ಮ ಕರಾವಳಿಯ ಮಣ್ಣು ಸ್ವಭಾವತಃ ಹುಳಿಯೆಂಬುದನ್ನು ಅಲ್ಲಿನವರು ಬಲ್ಲರು. ಮ್ಯಾಂಗನೀಸಿನ ಬಾಗಿಲೇ ಮುಚ್ಚಿಹೋಗಿರುವ ಬತ್ತದ ತಳಿಯನ್ನೂ ಜಪಾನಿನವರು ಕಂಡುಹಿಡಿದು ೨೦೧೨ರಲ್ಲಿ ಪ್ರಕಟಿಸಿದರು. ಅಕಿತಾ ಪ್ರಾಂತದಲ್ಲಿ ೨೦೨೫ರಿಂದ ಅಂತಹ ಗುಣವುಳ್ಳ ಬತ್ತವನ್ನು ವ್ಯಾಪಕವಾಗಿ ಬಿತ್ತತೊಡಗಿದ್ದಾರೆ.

ಇಲ್ಲಿ ಒಂದು ತೊಡಕಿದೆ. ಆರ್ಸೆನಿಕ್ ಎಂಬ ಪಾಷಾಣದ ನಡತೆಯು ಇದಕ್ಕೆ ತೀರ ವಿರುದ್ಧ. ನೀರು ನಿಂತ ಗದ್ದೆಯಲ್ಲಿ ಅದು ಕಬ್ಬಿಣದ ತುಕ್ಕಿನ ಹಿಡಿತದಿಂದ ಬಿಡಿಸಿಕೊಂಡು ಕರಗುವುದು, ಒಣಗಿಸಿದರೆ ಮತ್ತೆ ಸಿಕ್ಕಿಬೀಳುವುದು. ಬತ್ತವು ತನ್ನ ಕಾಂಡಕ್ಕೆ ಗಟ್ಟಿತನ ಕೊಡುವ ಮರಳಿನ ಅಂಶವನ್ನು ಬಹಳವಾಗಿ ಕುಡಿಯುವ ಪೈರು. ಆ ಬಾಗಿಲಿನಿಂದಲೇ ಪಾಷಾಣವೂ ನುಗ್ಗುವುದು. ೧೯೭೦ರ ದಶಕದಿಂದ ಸಾವಿರಾರು ಕೊಳವೆಬಾವಿಗಳನ್ನು ತೋಡಿದ ಬಂಗಾಳದ ಎರಡೂ ಭಾಗಗಳಲ್ಲಿ ನೆಲದಾಳದ ಪಾಷಾಣವು ಕುಡಿಯುವ ನೀರಿಗೂ ಬೇಸಗೆ ಬತ್ತದ ಗದ್ದೆಗೂ ಹೀಗೆಯೇ ಬಂದು ಸೇರಿತು. ಒಂದನ್ನು ತಡೆಯಲು ನೀರು ನಿಲ್ಲಿಸಬೇಕು, ಇನ್ನೊಂದನ್ನು ತಡೆಯಲು ನೀರು ಬಿಡಬೇಕು! ಎರಡೂ ಇರುವ ಗದ್ದೆಯ ಒಡೆಯನ ಪಾಡನ್ನು ಊಹಿಸಿಕೊಳ್ಳಬಹುದು. ಆದರೆ ಅಡಿಗೆಯ ಮನೆಯಲ್ಲಿ ಪಾಷಾಣಕ್ಕೆ ಒಂದು ಮದ್ದಿದೆ. ಶುದ್ಧವಾದ ನೀರನ್ನು ಧಾರಾಳವಾಗಿ ಇಟ್ಟು ಅನ್ನ ಬೇಯಿಸಿ ಗಂಜಿಯನ್ನು ಬಸಿದುಬಿಟ್ಟರೆ ಅದರ ಒಂದು ದೊಡ್ಡ ಪಾಲು ಗಂಜಿಯೊಡನೆ ಹೋಗುವುದು; ಕೆಲವು ಜೀವಸತ್ವಗಳೂ ಹೋಗುವುವೆನ್ನಿ. ಅಜ್ಜಿಯರು ಮಾಡುತ್ತಿದ್ದ ಬಸಿದ ಅನ್ನವನ್ನು ಕುಕ್ಕರಿನ ಕಾಲದಲ್ಲಿ ನಗುವ ಸೊಸೆಯಂದಿರಿಗೆ ಈ ಮಾತು. ಕ್ಯಾಡ್ಮಿಯಂ ಮಾತ್ರ ಹೀಗೆ ಬಸಿದರೂ ಹೆಚ್ಚಾಗಿ ಬಿಡದು, ಅಕ್ಕಿಯನ್ನು ಪಾಲಿಶ್ ಮಾಡಿದರೂ ಬಿಡದು.

ಅಕ್ಕಿಯಲ್ಲಿ ಎಷ್ಟಿರಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯವರು ಹಾಕಿರುವ ಮೇರೆಯು ಕಿಲೋ ಒಂದಕ್ಕೆ ೦.೪ ಮಿಲಿಗ್ರಾಂ ಕ್ಯಾಡ್ಮಿಯಂ. ಒಂದು ಅಕ್ಕಿ ಕಾಳು ಸುಮಾರು ೨೦ ಮಿಲಿಗ್ರಾಂ ತೂಗುವುದು. ಅದನ್ನು ಐವತ್ತು ಪಾಲು ಮಾಡಿ ಒಂದು ಪಾಲನ್ನು ಒಂದು ಕಿಲೋ ಅಕ್ಕಿಯಲ್ಲಿ ಬೆರೆಸಿದಷ್ಟು. ಕಣ್ಣು, ಮೂಗು, ನಾಲಗೆಗಳಿಗೆ ಇದು ಸಿಕ್ಕುವ ಮಾತಲ್ಲ.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಮುಖ್ಯವಾಗಿ ಏಳುವುದು ಪಟ್ಟಣಗಳ ಕೊಳಚೆಯ ನೀರು ಹರಿಯುವ ಕಡೆ. ಬೆಂಗಳೂರಿನ ಬಚ್ಚಲ ನೀರನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತ ವೃಷಭಾವತಿಯು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಹೋಗಿ ಬೀಳುವುದು. ಆ ಕೆರೆಯ ಕೆಳಗಿನ ಹೊಲಗಳ ಮಣ್ಣಿನಲ್ಲಿಯೂ ಬೆಳೆಗಳಲ್ಲಿಯೂ ಭಾರಲೋಹಗಳನ್ನು ಹಲವು ಮಂದಿ ಶೋಧಕರು ಅಳೆದು ಬರೆದಿದ್ದಾರೆ. ಮನೆಯ ಬಚ್ಚಲ ನೀರೊಂದೇ ಆಗಿದ್ದರೆ ಅದು ಹೊಲಕ್ಕೆ ಬಹುಮಟ್ಟಿಗೆ ಗೊಬ್ಬರವೇ ಸರಿ; ಅದರ ರೋಗಾಣುಗಳಿಗೆ ಬೆಂಕಿಯೂ ಮೂರು ನೀರೂ ಇವೆ. ಮುಲಾಮು ಹಾಕುವವರು, ಬ್ಯಾಟರಿ ಮಾಡುವವರು, ಬಣ್ಣ ಅದ್ದುವವರು ಅದೇ ಮೋರಿಗೆ ತಮ್ಮ ನೀರನ್ನು ಬಿಡುವಲ್ಲಿ ಕೆಡುಕು ಹುಟ್ಟುವುದು. ಮೋರಿಯ ಪಕ್ಕದ ಒಕ್ಕಲಿಗನು ಅದನ್ನು ಬಿಟ್ಟವನಲ್ಲ. ಆದರೆ “ಮೋರಿ ಸೊಪ್ಪು” ಎಂಬ ನಿಂದೆ ಮಾತ್ರ ಅವನ ಬುಟ್ಟಿಗೆ ಬೀಳುವುದು. ಇದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಮಣ್ಣನ್ನು ಪರೀಕ್ಷೆ ಮಾಡಿಸಿದ್ದೇವೆ, ಚೀಟಿ ಬಂದಿದೆ ಎಂದು ನಿಶ್ಚಿಂತರಾಗುವ ರೈತ ಮನೆತನದ ವಿದ್ಯಾರ್ಥಿನಿಯರಿಗೆ ಒಂದು ಎಚ್ಚರಿಕೆ. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷುಗಳಿಂದ ಹಿಡಿದು ಸತು, ಬೋರಾನುಗಳ ತನಕ ೧೨ ಅಂಶಗಳನ್ನು ನೋಡುವರು. ಪೈರಿಗೆ ಏನು ಸಾಲದೆಂಬುದು ಅದರಿಂದ ತಿಳಿಯುವುದು. ಕ್ಯಾಡ್ಮಿಯಮಾಗಲಿ ಸೀಸವಾಗಲಿ ಆ ಹನ್ನೆರಡರಲ್ಲಿ ಇಲ್ಲ. ಅವುಗಳನ್ನು ಬೇರೆಯಾಗಿ ಕೇಳಿಯೇ ಮಾಡಿಸಬೇಕು.

ಹಳೆಯ ನೋಟುಬುಕ್ಕುಗಳನ್ನು ಇಟ್ಟುಕೊಂಡಿರುವವರು ನಮ್ಮ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಬೇಕೆಂದು ಬೇಡುತ್ತೇವೆ: “ಮೂರು ನೀರಿನಿಂದ ಸೊಪ್ಪಿನ ಮೇಲಿನ ಕೆಡುಕು ಹೋಗುವುದು, ಸೊಪ್ಪಿನ ಒಳಗಿನದು ಹೋಗದು, ಅದಕ್ಕೆ ಬೆಳೆದ ನೆಲವನ್ನೂ ನೀರನ್ನೂ ವಿಚಾರಿಸಬೇಕು.” ಇದರ ಜೊತೆಗೆ, ಒಂದೇ ಅಂಗಡಿಯ ಒಂದೇ ಊರಿನ ಅಕ್ಕಿ ಸೊಪ್ಪುಗಳನ್ನು ವರ್ಷವೆಲ್ಲಾ ತಿನ್ನದೆ ರಾಗಿ, ಜೋಳ, ಕಾಳುಗಳನ್ನು ಬದಲಾಯಿಸುತ್ತಿರುವುದು ಒಳ್ಳೆಯದೆಂದು ಪಕ್ಕದಲ್ಲಿ ಬರೆದುಕೊಳ್ಳಬಹುದು.

ಆ ತಾಯಿಗೆ ನಾವು ಮಾತು ಕೊಟ್ಟಂತೆ ಮರುವಾರ ಕರೆದು ಹೇಳಿದೆವು. “ತೊಳೆದರೆ ಹೋಗುವುದಿಲ್ಲಮ್ಮ; ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಮೊದಲು ನೋಡಬೇಕು” ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ದಿನ ಮನೆಯಲ್ಲಿ ನಾವು ತಿಂದದ್ದು?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ವಿಜ್ಞಾನದ ಉಪಾಧ್ಯಾಯಿನಿಯವರು ಬಾಲಿಕೆಯರನ್ನು ಕರೆದುಕೊಂಡು ಹೋಗಿ ಆ ಹತ್ತು ಗುಂಟೆಯ ನಾಲ್ಕು ಮೂಲೆಗಳಿಂದಲೂ ಮಧ್ಯದಿಂದಲೂ ಮಣ್ಣನ್ನೂ, ಮೋರಿಯಿಂದ ಎರಡು ಸೀಸೆ ನೀರನ್ನೂ, ಒಂದು ಕಟ್ಟು ಪಾಲಕವನ್ನೂ ತಂದು, ಲೋಹಗಳನ್ನು ಅಳೆಯುವ ಪ್ರಯೋಗಶಾಲೆಗೆ ಕಳುಹಿಸಿದ್ದಾರೆ. ಪರೀಕ್ಷೆಯ ಶುಲ್ಕವನ್ನು ಹಳೆಯ ವಿದ್ಯಾರ್ಥಿನಿಯರ ಸಂಘದವರು ಕೊಟ್ಟರು. ಈ ಸಂಚಿಕೆಯು ಅಚ್ಚಿಗೆ ಹೋಗುವ ಹೊತ್ತಿಗೆ ವರದಿ ಬಂದಿಲ್ಲ. ಅಲ್ಲಿಯ ತನಕ ಮೋರಿಯ ಕಡೆಯ ಆರು ಗುಂಟೆಯಲ್ಲಿ ಸೊಪ್ಪನ್ನು ಕಿತ್ತು ಸೇವಂತಿಗೆಯ ಸಸಿ ನೆಟ್ಟಿದ್ದಾರೆ; ಬಾವಿಯ ಕಡೆಯ ನಾಲ್ಕು ಗುಂಟೆಯಲ್ಲಿ ಬಾವಿನೀರಿನಿಂದಲೇ ಹೀರೆಯನ್ನೂ ಅವರೆಯನ್ನೂ ಹಬ್ಬಿಸಿದ್ದಾರೆ.